ಮುನಿದ ಮಗಳ ಹತ್ತಿರ ಮತ್ತೆ ಹೋಗುವುದು



ಈ ತಿಂಗಳ ಪಾಠವನ್ನು ಉಳಿತಾಯ, ಸಾಲ ಮರುಪಾವತಿಯ ಲೆಕ್ಕವೆಲ್ಲ ಮುಗಿದ ಮೇಲೆ ನಿಧಾನವಾಗಿ ತೆಗೆದುಕೊಳ್ಳಿ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಮಕ್ಕಳು ಜೊತೆಯಲ್ಲಿ ಬಂದಿದ್ದರೆ ಈ ಅರ್ಧ ಗಂಟೆ ಅವರು ಹೊರಗೆ ಆಡಿಕೊಳ್ಳಲಿ. ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತದೆ.

ಡೈವೋರ್ಸ್ ಅಂದರೆ ಪೇಟೆಯವರ ವಿಷಯ, ಓದಿದವರ ವಿಷಯ ಎಂದು ಹಿಂದೆಲ್ಲ ಹೇಳುತ್ತಿದ್ದರು. ಈಗ ನಮ್ಮ ಸಂಘಗಳಲ್ಲೇ ಕೋರ್ಟಿನ ಡಿಕ್ರಿ ಆದವರಿದ್ದಾರೆ. ಕೇಸು ಇನ್ನೂ ನಡೆಯುತ್ತಿರುವವರಿದ್ದಾರೆ. ಕಾಗದಪತ್ರ ಏನೂ ಇಲ್ಲದೆ ಹಿರಿಯರ ಮುಂದೆ ಬೇರೆಯಾಗಿ ಬಂದವರೂ ಇದ್ದಾರೆ. ಹೊಲಿಗೆ ಯಂತ್ರಕ್ಕೆ, ಹಸುವಿಗೆ, ಬಾಡಿಗೆ ಮನೆಯ ಅಡ್ವಾನ್ಸಿಗೆ ಸಂಘ ಅವರ ಬೆನ್ನಿಗೆ ನಿಂತಿದೆ. ಆದರೆ ನಾವು ಮನೆಭೇಟಿಗೆ ಹೋದಾಗ ಅವರು ಅಳುವುದು ಗಂಡನ ಮಾತು ಬಂದಾಗ ಅಲ್ಲ. ಆ ಕಣ್ಣೀರು ಯಾವತ್ತೋ ಮುಗಿದಿರುತ್ತದೆ. ಮಗಳ ಮಾತು ಬಂದಾಗ ಅಳುತ್ತಾರೆ. "ಗಂಡ ಬಿಟ್ಟದ್ದು ಹೇಗೋ ತಡ್ಕೊಂಡೆ ಸಿಸ್ಟರ್, ಮಗಳು ಮುಖ ತಿರುಗಿಸಿದ್ದು ತಡ್ಕೊಳ್ಳೋಕೆ ಆಗ್ತಿಲ್ಲ" ಎಂಬ ಮಾತನ್ನು ಬೇರೆ ಬೇರೆ ಊರುಗಳಲ್ಲಿ ಕೇಳಿದ್ದೇವೆ.

ಒಬ್ಬ ತಾಯಿಯ ವಿಷಯ ಇಟ್ಟುಕೊಂಡು ಪಾಠ ಮಾಡೋಣ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇವೆ, ಹೆಸರನ್ನೂ ಹೇಳುವುದಿಲ್ಲ. ಈಕೆ ಸಕಲೇಶಪುರದ ಕಡೆಯ ಹಳ್ಳಿಯವರು, ಹೊಲಿಗೆ ಕೆಲಸ. ಗಂಡನ ಮನೆ ಅರಸೀಕೆರೆ ಹತ್ತಿರ. ಕುಡಿತ, ಹೊಡೆತ ಎಲ್ಲ ಇತ್ತು. ಒಂದು ರಾತ್ರಿ ಪೆಟ್ಟು ತಿಂದು ತವರಿಗೆ ಬಂದರು. ಮಗಳಿಗೆ ಆಗ ಎಂಟು ವರ್ಷ, ಅಜ್ಜಿಯ ಪಕ್ಕದಲ್ಲಿ ಮಲಗಿತ್ತು. ಆಮೇಲೆ ಕರೆತರಲು ಹೋದಾಗ ಬಾಗಿಲಲ್ಲೇ ತಡೆದು ಕಳಿಸಿದರು. ಕೇಸು ಮೂರು ವರ್ಷ ನಡೆದು ವಿಚ್ಛೇದನ ಆಯಿತು. ಮಗು ಅಜ್ಜಿಯ ಹತ್ತಿರವೇ ಇರಲಿ, ತಿಂಗಳಿಗೊಮ್ಮೆ ತಾಯಿ ನೋಡಬಹುದು ಎಂದು ಆದೇಶವಾಯಿತು. ಅಷ್ಟರಲ್ಲಿ ಮಗಳಿಗೆ ಹನ್ನೊಂದು. ನೋಡಲು ಹೋದರೆ ಒಳಗಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಎರಡು ಸಲ ಹಾಗಾದ ಮೇಲೆ ತಾಯಿ ಹೋಗುವುದನ್ನೇ ಬಿಟ್ಟರು. ಹದಿಮೂರು ತುಂಬಿದಾಗ, ಸಂಘದವರ ಒತ್ತಾಯಕ್ಕೆ, ಮತ್ತೆ ಹೋದರು. ಆ ದಿನ ಹುಡುಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಎದುರು ನಿಂತು, "ಬಿಟ್ಟು ಹೋದವಳು ಈಗ ಯಾಕೆ ಬಂದೆ?" ಅಂದಳು.

ಇಲ್ಲಿ ಸ್ವಲ್ಪ ನಿಲ್ಲಿಸಿ. ನೀವು ಆ ತಾಯಿಯ ಜಾಗದಲ್ಲಿದ್ದರೆ ಏನು ಹೇಳುತ್ತಿದ್ದಿರಿ?

ಹೆಚ್ಚಿನವರು ಹೇಳುವುದು ಇದನ್ನೇ: "ನಾನೆಲ್ಲಿ ಬಿಟ್ಟು ಹೋದೆ? ನಿಮ್ಮಪ್ಪ ಹೊಡೆದು ಓಡಿಸಿದ. ನಿಮ್ಮಜ್ಜಿ ನಿನ್ನ ಮುಖ ನೋಡೋಕೆ ಬಿಡಲಿಲ್ಲ." ಈ ತಾಯಿಯೂ ಅದನ್ನೇ ಹೇಳಿದರು. ಬ್ಯಾಗಿನಲ್ಲಿ ಕೋರ್ಟಿನ ಕಾಗದ ಇಟ್ಟುಕೊಂಡೇ ಹೋಗಿದ್ದರು, ಅದನ್ನೂ ತೆಗೆದು ತೋರಿಸಿದರು. ಹೇಳಿದ್ದೆಲ್ಲ ಸತ್ಯವೇ. ಹುಡುಗಿ ಕಾಗದವನ್ನು ಕೈಯಲ್ಲೂ ಮುಟ್ಟಲಿಲ್ಲ.

ಯಾಕೆ ಮುಟ್ಟಲಿಲ್ಲ ಎಂಬುದೇ ಈ ಪಾಠದ ಮುಖ್ಯ ವಿಷಯ. ಕೋರ್ಟಿನಲ್ಲಿ ವರ್ಷಗಟ್ಟಲೆ ಓಡಾಡಿದವರಿಗೆ ಒಂದು ಅಭ್ಯಾಸ ಆಗಿಬಿಡುತ್ತದೆ. ಎದುರಿಗೆ ಯಾರೇ ಬರಲಿ, ತಪ್ಪು ನನ್ನದಲ್ಲ ಎಂದು ರುಜುವಾತು ಮಾಡುವುದು. ಮಗಳು ಮಾತ್ರ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿಲ್ಲ. ಯಾರು ಸರಿ ಎಂದು ತೀರ್ಪು ಹೇಳು ಎಂದರೆ ಅವಳು ಒಬ್ಬರನ್ನು ಕಳೆದುಕೊಳ್ಳಲೇಬೇಕು. ಅಮ್ಮ ಸರಿ ಅಂದರೆ ದಿನಾ ಅನ್ನ ಹಾಕುವ ಅಜ್ಜಿ, ಅಪ್ಪ ಇಬ್ಬರೂ ತಪ್ಪಾಗುತ್ತಾರೆ, ಸಂಜೆ ಅದೇ ಮನೆಗೆ ಹೋಗಿ ಊಟ ಮಾಡಬೇಕು. ಅಷ್ಟು ದೊಡ್ಡ ಭಾರ ಹೊರುವುದಕ್ಕಿಂತ ಸಿಟ್ಟು ಮಾಡಿಕೊಳ್ಳುವುದೇ ಅವಳಿಗೆ ಸುಲಭ.

ಸಿಟ್ಟಿನ ಒಳಗೆ ಬೇರೆ ಬೇರೆ ವಿಷಯ ಇರುತ್ತವೆ. ಎಂಟು ಒಂಬತ್ತು ವರ್ಷದ ಮಕ್ಕಳಿಗೆ ತಂದೆತಾಯಿ ಬೇರೆಯಾದರೆ, "ನಾನು ಹಠ ಮಾಡಿದ್ದಕ್ಕೇ ಅಮ್ಮ ಹೋದಳು" ಎಂಬ ಹೆದರಿಕೆ ಒಳಗೇ ಕೂತಿರುತ್ತದೆ. ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಶಾಲೆಯಲ್ಲಿ ಫಾರಂ ತುಂಬುವಾಗ, ಪೋಷಕರ ಸಭೆಯ ದಿನ, ಗೆಳತಿಯರ ಅಮ್ಮಂದಿರು ಬುತ್ತಿ ಹಿಡಿದು ಬಂದಾಗ ನಾಚಿಕೆ. ಇದರ ಮೇಲೆ ವಯಸ್ಸು. ಮೈಯಲ್ಲಿ ಹಾರ್ಮೋನುಗಳ ಏರಿಳಿತ ಇರುತ್ತದೆ. ಮೆದುಳಿನ ಮುಂಭಾಗ, ಅಂದರೆ ತೂಗಿ ನೋಡಿ ಯೋಚಿಸುವ, ಸಿಟ್ಟಿಗೆ ಕಡಿವಾಣ ಹಾಕುವ ಭಾಗ, ಸುಮಾರು 25 ವರ್ಷದವರೆಗೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಹದಿನಾಲ್ಕರ ಹುಡುಗಿ ಉರಿದು ಮಾತಾಡಿದರೆ ಎಲ್ಲವೂ ಅಪ್ಪನ ಮನೆಯವರು ಹೇಳಿಕೊಟ್ಟದ್ದು ಎಂದು ತಿಳಿಯಬೇಡಿ. ಹೇಳಿಕೊಡುವವರು ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಹೇಳಿಕೊಡದಿದ್ದರೂ ಅವಳಿಗೆ ಸಿಟ್ಟು ಬರಲು ಅವಳದೇ ಕಾರಣಗಳಿವೆ.

ಇನ್ನೊಂದು ಮಾತು ತಾಯಂದಿರಿಗೆ ಸಮಾಧಾನ ಕೊಡಬಹುದು. ಮಕ್ಕಳು ಸಿಟ್ಟು ತೋರಿಸುವುದು ಎಷ್ಟೋ ಸಲ ತೋರಿಸಲು ಧೈರ್ಯ ಇರುವ ಕಡೆ. ಅಪ್ಪನ ಮೇಲೆ ಕೂಗಿದರೆ ಪೆಟ್ಟು ಬೀಳಬಹುದು, ಅಜ್ಜಿಯ ಮೇಲೆ ಕೂಗಿದರೆ ಮನೆಯೇ ಹೋದೀತು. ಅಮ್ಮನ ಮೇಲೆ ಕೂಗಬಹುದು. ಕೂಗಲೆಂದಾದರೂ ಎದುರು ಬಂದು ನಿಂತಳಲ್ಲ, ಕೋಣೆಯ ಚಿಲಕಕ್ಕಿಂತ ಅದು ಎಷ್ಟೋ ವಾಸಿ.

ಈ ಹುಡುಗಿಯ ಸಿಟ್ಟಿನ ಗಂಟು ಎಲ್ಲಿತ್ತು ಎಂಬುದು ಮೂರನೇ ಭೇಟಿಯಲ್ಲಿ ಗೊತ್ತಾಯಿತು. ಹನ್ನೆರಡನೇ ವಯಸ್ಸಿನಲ್ಲಿ ಅವಳು ದೊಡ್ಡವಳಾಗಿದ್ದಳು. ಶಾಲೆಯಲ್ಲೇ ಬಟ್ಟೆ ಕೆಟ್ಟು, ಏನಾಯಿತೆಂದು ತಿಳಿಯದೆ ಹೆದರಿ ಅತ್ತಿದ್ದಳಂತೆ. ಮನೆಯಲ್ಲಿ ಆರತಿ ಮಾಡಿದ ದಿನ ನೆಂಟರೆಲ್ಲ ಬಂದಿದ್ದರು. ಅಮ್ಮ ಬರಲಿಲ್ಲ. "ಎಲ್ಲರ ಅಮ್ಮಂದಿರೂ ಇರ್ತಾರೆ. ನೀನೊಬ್ಬಳೇ ಇರಲಿಲ್ಲ" ಅಂದಳು. ತಾಯಿಗೆ ಆ ಸುದ್ದಿ ತಲುಪಿದ್ದೇ ಎರಡು ತಿಂಗಳ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿ. ಅವರಿಗೆ ಕರೆ ಬಂದಿರಲಿಲ್ಲ. "ನನಗೆ ಯಾರೂ ಹೇಳಲೇ ಇಲ್ಲ" ಎಂಬ ಮಾತು ಅವರ ನಾಲಿಗೆಯ ತುದಿಯಲ್ಲಿತ್ತು.

ಅದನ್ನು ಮೊದಲು ಹೇಳಬಾರದು. ಹೇಳಬೇಕು, ಆದರೆ ಮೊದಲಲ್ಲ. ಆಪ್ತಸಮಾಲೋಚನೆಯಲ್ಲಿ ನಾವು ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು ಈ ಅನುಕ್ರಮವನ್ನು. ಮೊದಲು ಅವಳ ನೋವು, ಆಮೇಲೆ ನಮ್ಮ ಕಾರಣ. ತಾಯಿ ಹೇಳಿದ್ದು ಇಷ್ಟು: "ಆ ದಿನ ನೀನು ನನ್ನನ್ನ ಹುಡುಕಿರಬೇಕು. ಹೆದರಿಕೆ ಆಗಿರಬೇಕು. ನಾನು ಪಕ್ಕದಲ್ಲಿ ಇರಬೇಕಿತ್ತು, ಇರಲಿಲ್ಲ." ಅಷ್ಟು ಹೇಳಿ ಸುಮ್ಮನೆ ಕೂತರು. ಹುಡುಗಿ ಅತ್ತಳು. ಅಪ್ಪಿಕೊಳ್ಳಲು ಕೈ ಚಾಚಿದರೆ ತಳ್ಳಿದಳು. ಕರೆ ಬಂದಿರಲಿಲ್ಲ ಎಂಬ ಮಾತನ್ನು ತಾಯಿ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಮಗಳೇ "ನಿನಗೆ ಗೊತ್ತಿತ್ತಾ?" ಎಂದು ಕೇಳಿದಾಗ. ಆಗ ಒಂದೇ ವಾಕ್ಯ ಸಾಕಾಯಿತು.

ಕ್ಷಮೆ ಕೇಳುವಾಗ "ಆದರೆ" ಎಂಬ ಪದ ಬಂದರೆ ಕ್ಷಮೆ ಅಲ್ಲಿಗೇ ಕೆಟ್ಟಿತು. "ಬಿಟ್ಟು ಹೋದದ್ದು ತಪ್ಪೇ, ಆದರೆ ನಿಮ್ಮಪ್ಪ..." ಎಂದು ಶುರುವಾದರೆ ಮಗಳಿಗೆ ಕೇಳಿಸುವುದು "ಆದರೆ" ಆದ ಮೇಲಿನದ್ದು ಮಾತ್ರ. ಮಾಡದ ತಪ್ಪನ್ನು ಒಪ್ಪಿಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಹೊಡೆತ ತಪ್ಪಿಸಿಕೊಂಡು ಬಂದದ್ದು ತಪ್ಪಲ್ಲ, ಅದಕ್ಕೆ ಕ್ಷಮೆ ಬೇಕಾಗಿಲ್ಲ. ಮಗಳಿಗೆ ಆದ ನೋವಿಗೆ, ಖಾಲಿ ಉಳಿದ ದಿನಗಳಿಗೆ ದುಃಖಪಡಬಹುದು. ಎರಡೂ ಬೇರೆ ಬೇರೆ.

ಹಾಗಾದರೆ ತಂದೆಯ ಬಗ್ಗೆ ಏನು ಹೇಳಬೇಕು? ಸುಳ್ಳು ಬೇಡ, ಪುರಾಣವೂ ಬೇಡ. "ಆ ಮನೆಯಲ್ಲಿ ನನಗೆ ಹೊಡೆತ ಇತ್ತು. ಜೀವ ಉಳಿಸ್ಕೊಳ್ಳೋಕೆ ಬಂದೆ. ಮಿಕ್ಕಿದ್ದು ನೀನು ಕೇಳಿದಾಗ ಹೇಳ್ತೀನಿ." ಹದಿಮೂರು ಹದಿನಾಲ್ಕರ ಮಗುವಿಗೆ ಇಷ್ಟು ಸಾಕು. ಅಪ್ಪ ಎಂಬವನ ಮೂಗು, ಬಣ್ಣ, ನಗು ಅವಳ ಮುಖದಲ್ಲೇ ಇರುತ್ತದೆ. ಅವನನ್ನು ಪೂರ್ತಿ ಕೆಟ್ಟವನು ಅಂದರೆ ಅವಳಿಗೆ ತನ್ನಲ್ಲೂ ಏನೋ ಕೆಟ್ಟದ್ದಿದೆ ಅನಿಸುತ್ತದೆ. "ನಿಮ್ಮಪ್ಪಂಗೆ ಹೇಳು, ದುಡ್ಡು ಕಳಿಸಿಲ್ಲ ಅಂತ" ಎಂದು ಮಗಳ ಬಾಯಲ್ಲಿ ಹೇಳಿ ಕಳಿಸುವುದೂ ಬೇಡ. ಜೀವನಾಂಶದ ಮಾತಿಗೆ ವಕೀಲರಿದ್ದಾರೆ, ಕೋರ್ಟಿದೆ.

ಅಜ್ಜಿಯ ವಿಷಯದಲ್ಲಿ ಸಂಘದ ಕೆಲವರಿಗೆ ನಮ್ಮ ಮಾತು ಹಿಡಿಸಲಿಲ್ಲ. ಬಾಗಿಲಲ್ಲಿ ತಡೆದ ಅತ್ತೆಗೆ ಕೃತಜ್ಞತೆ ಹೇಳಬೇಕಾ ಎಂದು ಜೋರಾಗಿಯೇ ಕೇಳಿದರು. ನಮ್ಮ ಉತ್ತರ, ಹೌದು. ಐದು ವರ್ಷ ಆ ಮುದುಕಿ ಹುಡುಗಿಯ ತಲೆ ಬಾಚಿದ್ದಾರೆ, ಜ್ವರ ಬಂದಾಗ ರಾತ್ರಿ ಎದ್ದಿದ್ದಾರೆ. ತಾಯಿ ಒಂದು ಭಾನುವಾರ ಜಗಲಿಯಲ್ಲಿ ಕೂತು, "ಇವಳನ್ನ ಚೆನ್ನಾಗಿ ನೋಡ್ಕೊಂಡಿದ್ದೀರಿ" ಅಂದರು. ಒಳಗಿನಿಂದ ಮಗಳು ಕೇಳಿಸಿಕೊಂಡಳು. ಆವತ್ತು ಮೊದಲ ಸಲ ಅಜ್ಜಿ ಟೀ ಕೊಟ್ಟರು. ಅತ್ತೆ ಸೊಸೆಯ ಹಳೆಯ ಲೆಕ್ಕ ಅದರಿಂದ ಚುಕ್ತಾ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಇನ್ನು ಭೇಟಿಯ ವಿಷಯ. ತಿಂಗಳ ಎರಡನೇ ಭಾನುವಾರ, ಹತ್ತು ಗಂಟೆಗೆ, ಎಂದು ಆ ತಾಯಿ ನಿಗದಿ ಮಾಡಿಕೊಂಡರು. ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು, ಹಾಸನದಲ್ಲಿ ಬಸ್ಸು ಬದಲಿಸಿ ಹೋಗುವುದು ಸಣ್ಣ ಮಾತಲ್ಲ. 2023ರ ಜೂನ್‌ನಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ತಪ್ಪಿದ್ದು ಇಂಥವರಿಗೆ ದೊಡ್ಡ ಉಪಕಾರವಾಯಿತು. ಮೊದಲ ಏಳು ತಿಂಗಳು ಹುಡುಗಿ ಆಡಿದ್ದು ಹೂಂ, ಊಹೂಂ ಅಷ್ಟೇ, ಅತ್ತ ಆ ಒಂದು ದಿನ ಬಿಟ್ಟರೆ. ಕೆಲವು ಸಲ ಟಿವಿ ಮುಂದೆ ಬೆನ್ನು ಹಾಕಿ ಕೂತಳು. ತಾಯಿ ಒಂದು ಗಂಟೆ ಕೂತು, "ಮುಂದಿನ ತಿಂಗಳು ಬರ್ತೀನಿ" ಎಂದು ಹೇಳಿ ಬಂದರು, ಹೇಳಿದ ಹಾಗೆ ಹೋದರು. ಅಂಕ ಎಷ್ಟು ಬಂತು, ಯಾಕೆ ಸೊರಗಿದ್ದೀಯ, ನನ್ನ ಜೊತೆ ಬರ್ತೀಯಾ ಎಂಬ ಮೂರು ಪ್ರಶ್ನೆಗಳನ್ನು ಕೇಳಬಾರದೆಂದು ನಾವು ಕಟ್ಟುನಿಟ್ಟಾಗಿ ಹೇಳಿದ್ದೆವು. ಬಿಟ್ಟು ಹೋದವಳು ಎಂಬ ಮಾತಿಗೆ ಬಾಯಿಂದ ಉತ್ತರ ಕೊಟ್ಟರೆ ಮಗಳು ನಂಬುವುದಿಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ, ಮತ್ತೆ ಮತ್ತೆ ಬಂದರೆ ಮಾತ್ರ ಅವಳು ನಂಬಲು ಶುರು ಮಾಡುತ್ತಾಳೆ. ಮೂರು ಸಲ ಬಂದು ನಾಲ್ಕನೇ ಸಲ ತಪ್ಪಿಸಿದರೆ, ಬರದೇ ಇದ್ದದ್ದಕ್ಕಿಂತ ಹೆಚ್ಚು ಪೆಟ್ಟು. ತಿಂಗಳಿಗೊಮ್ಮೆ ಆಗದಿದ್ದರೆ ಎರಡು ತಿಂಗಳಿಗೊಮ್ಮೆ ಎಂದೇ ಹೇಳಿ, ಉಳಿಸಿಕೊಳ್ಳಿ. ಬರಲಾಗದಷ್ಟು ಕಾಯಿಲೆಯಾದರೆ ಮುಂಚೆಯೇ ಫೋನು ಮಾಡಿ ತಿಳಿಸಿ.

ಎಂಟನೇ ತಿಂಗಳು ಹುಡುಗಿ ಒಳಗಿನಿಂದ ಯೂನಿಫಾರಂ ತಂದು ಮುಂದೆ ಹಾಕಿದಳು. "ಭುಜದಲ್ಲಿ ಬಿಗಿಯಾಗ್ತಿದೆ, ಇಲ್ಲಿ ಯಾರೂ ಸರಿಯಾಗಿ ಹೊಲಿಯಲ್ಲ." ತಾಯಿಯ ಬ್ಯಾಗಿನಲ್ಲಿ ಅಳತೆ ಟೇಪು ಯಾವಾಗಲೂ ಇರುತ್ತದೆ. ಭುಜ, ತೋಳು, ಸೊಂಟ ಅಳತೆ ತೆಗೆದರು. ಐದಾರು ವರ್ಷದ ಮೇಲೆ ಮಗಳ ಮೈ ಮುಟ್ಟಿದ್ದು ಆಗಲೇ ಎಂದು ಅವರು ಸಂಘದಲ್ಲಿ ಹೇಳುವಾಗ ಸಭೆಯಲ್ಲಿ ಯಾರಿಗೂ ಮಾತು ಬರಲಿಲ್ಲ.

ಉಡುಗೊರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸಂಘದ ಸಾಲದ ಪುಸ್ತಕದಲ್ಲಿ "ಮಗಳ ವಿದ್ಯಾಭ್ಯಾಸ" ಎಂದು ಬರೆಸಿ, ಆ ದುಡ್ಡಿನಲ್ಲಿ ಹದಿನೈದು ಸಾವಿರದ ಮೊಬೈಲ್ ಕೊಂಡುಕೊಟ್ಟ ತಾಯಂದಿರು ನಮಗೆ ಗೊತ್ತು. ಮೊಬೈಲ್ ತೆಗೆದುಕೊಂಡ ಮಗಳು ಅದರಲ್ಲಿ ಅಮ್ಮನ ನಂಬರನ್ನೇ ಬ್ಲಾಕ್ ಮಾಡಿದ್ದೂ ಉಂಟು. ನಗಬೇಡಿ, ಆ ತಾಯಿ ಕಂತು ಇನ್ನೂ ಕಟ್ಟುತ್ತಿದ್ದಾರೆ. ಸಣ್ಣದು ತನ್ನಿ, ಅವಳು ಎಂಟು ವರ್ಷದವಳಿದ್ದಾಗ ಇಷ್ಟಪಡುತ್ತಿದ್ದ ಕೋಡುಬಳೆಯೋ ಕಡಲೆ ಮಿಠಾಯಿಯೋ. ಅವಳ ಬಗ್ಗೆ ನೆನಪಿದೆ ಎಂದು ಅದು ಹೇಳುತ್ತದೆ.

ಮಗಳು ನಿಮ್ಮ ಮನೆಯಲ್ಲೇ ಇದ್ದು ಮಾತು ಬಿಟ್ಟಿದ್ದರೆ? ಒಂದೇ ಸೂರು, ಒಂದೇ ಒಲೆ, ಮಾತಿಲ್ಲ. ಇದು ದೂರದ ಮುನಿಸಿಗಿಂತ ಕಷ್ಟ. ದಿನಕ್ಕೆ ಹತ್ತು ನಿಮಿಷ, ಬೈಗುಳವಿಲ್ಲದೆ, ಕೆಲಸ ಹೇಳದೆ, ಅವಳ ಪಕ್ಕದಲ್ಲಿ ಕೂತುಕೊಳ್ಳುವ ಹೊತ್ತು ಒಂದು ಬೇಕು. ಸೊಪ್ಪು ಬಿಡಿಸುವಾಗ, ಪಾತ್ರೆ ತೊಳೆಯುವಾಗ ಮಕ್ಕಳು ಬಾಯಿ ಬಿಡುತ್ತಾರೆ, ಎದುರು ಕೂರಿಸಿ ಕೇಳಿದರೆ ಬಿಡುವುದಿಲ್ಲ. ಹಾಗೆಂದು ಮನೆಯ ನಿಯಮಗಳನ್ನು ಸಡಿಲ ಬಿಡಬೇಡಿ. ಅಪ್ಪ ಇಲ್ಲದ ಮಗು ಎಂದು ಶಾಲೆ ತಪ್ಪಿಸಲು, ರಾತ್ರಿ ಎರಡರವರೆಗೆ ಫೋನು ನೋಡಲು ಬಿಟ್ಟರೆ ಅದು ಪ್ರೀತಿಯಲ್ಲ, ನಮ್ಮ ಅಪರಾಧ ಭಾವನೆ.

ಕಾನೂನಿನ ವಿಷಯ ಸಭೆಗಳಲ್ಲಿ ಬಹಳ ಕೇಳುತ್ತೀರಿ, ಅದನ್ನೂ ಹೇಳುತ್ತೇವೆ. ಮಗು ಯಾರ ಹತ್ತಿರ ಇರಬೇಕು ಎಂದು ನಿರ್ಧರಿಸುವಾಗ ಕೋರ್ಟು ಮೊದಲು ನೋಡುವುದು ಮಗುವಿನ ಹಿತ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ, ಮಗು ತಿಳಿವಳಿಕೆಯಿಂದ ಇಷ್ಟ ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ಕೋರ್ಟು ಪರಿಗಣಿಸಬಹುದು. ಹದಿನಾಲ್ಕರ ಹುಡುಗಿ "ಅಮ್ಮನ ಹತ್ತಿರ ಹೋಗಲ್ಲ" ಎಂದರೆ ನ್ಯಾಯಾಧೀಶರು ಅದನ್ನು ಕೇಳಿಸಿಕೊಳ್ಳುತ್ತಾರೆ. ಹಿಂದೂ ವಿವಾಹ ಕಾಯ್ದೆ 1955ರ 26ನೇ ಕಲಮಿನಡಿ ಡಿಕ್ರಿ ಆದ ಮೇಲೂ ಮಕ್ಕಳ ವಾಸ, ಓದು, ಜೀವನಾಂಶದ ಆದೇಶವನ್ನು ಬದಲಿಸಿಕೊಡಿ ಎಂದು ಅರ್ಜಿ ಹಾಕಬಹುದು. ಭೇಟಿಯ ಆದೇಶವಿದ್ದೂ ಬಾಗಿಲು ತೆಗೆಯದಿದ್ದರೆ ಆದೇಶ ಕೊಟ್ಟ ಕೋರ್ಟಿಗೇ ತಿಳಿಸಬೇಕು, ಬಾಗಿಲ ಮುಂದೆ ಜಗಳ ಮಾಡಬಾರದು. ಮಗಳು ನಿಮ್ಮ ಹತ್ತಿರವೇ ಇದ್ದು ತಂದೆ ಖರ್ಚಿಗೆ ಕೊಡದಿದ್ದರೆ, ಹಿಂದೆ 125ನೇ ಕಲಮಿನಡಿ ಹಾಕುತ್ತಿದ್ದ ಅರ್ಜಿಯನ್ನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಹಾಕಬೇಕು. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನು ಮಾಡಿ. ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಅಭಿಪ್ರಾಯ ಒಂದಿದೆ. ಆದೇಶದ ಪ್ರತಿ ಹಿಡಿದು ಹದಿನೈದರ ಹುಡುಗಿಯನ್ನು ಬಸ್ಸು ಹತ್ತಿಸಬಹುದು, ಮಾತಾಡಿಸಲು ಆಗುವುದಿಲ್ಲ.

ಎಲ್ಲ ಸಿಟ್ಟೂ ಬರೀ ಸಿಟ್ಟಲ್ಲ. ಊಟ ನಿದ್ದೆ ಬಿಟ್ಟು ವಾರಗಟ್ಟಲೆ ಮಂಕಾಗಿದ್ದರೆ, ಕೈ ಕೊಯ್ದುಕೊಂಡ ಗುರುತಿದ್ದರೆ, ಬದುಕುವುದು ಬೇಡ ಎಂಬ ಮಾತು ಬಂದರೆ, ಮುನಿಸು ತಾನಾಗಿ ಇಳಿಯಲಿ ಎಂದು ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗೂ ಕರೆದೊಯ್ಯಬಹುದು. ಹದಿನೆಂಟು ತುಂಬುವ ಮೊದಲೇ ಹುಡುಗಿಯ ಮದುವೆ ಮಾಡಿ ಕೈ ತೊಳೆದುಕೊಳ್ಳುವ ಮಾತು ಯಾರ ಮನೆಯಲ್ಲೇ ಬಂದರೂ 1098ಕ್ಕೆ ತಿಳಿಸಿ. ಬೇರೆಯಾದವರ ಮನೆಗಳಲ್ಲಿ ಈ ಅಪಾಯ ಹೆಚ್ಚು ಎಂದು ನಮಗೆ ಅನಿಸಿದೆ. ಯಾರಿಗೂ ಆ ಹುಡುಗಿ ತನ್ನ ಜವಾಬ್ದಾರಿ ಅನಿಸಿರುವುದಿಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇವೆ. ಸಂಘದ ಮನೆಯಲ್ಲಿ, ನಲ್ಲಿಯ ಹತ್ತಿರ, ಅಂಗಡಿಯಲ್ಲಿ ಅಂಥ ಹುಡುಗಿ ಕಂಡರೆ, "ಪಾಪ, ಅಮ್ಮ ಬಿಟ್ಟು ಹೋದಳಲ್ವಾ? ಯಾರ ಹತ್ತಿರ ಇದ್ದೀಯ ಈಗ?" ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಕೇಳುವವರಿಗೆ ಕನಿಕರ ಇರುತ್ತದೆ, ಹುಡುಗಿಗೆ ಅದು ಊರೆಲ್ಲ ಕೂತು ತನ್ನ ವಿಷಯ ಮಾತಾಡಿದ ಹಾಗೆ. ಮಕ್ಕಳನ್ನು ಹೊರಗೆ ಕಳಿಸಿ ಎಂದದ್ದು ಇದಕ್ಕೇ. ಅದರ ಬದಲು ಯಾರಾದರೊಬ್ಬ ಸದಸ್ಯೆ ಆ ಹುಡುಗಿಗೆ ಚಿಕ್ಕಮ್ಮನ ಹಾಗೆ ಇರಬಹುದು, ಓದಿನ ವಿಷಯ, ಬಟ್ಟೆಯ ವಿಷಯ ಮಾತಾಡಬಹುದು. ಅಮ್ಮನಿಗೆ ಹೇಳಲಾಗದ್ದನ್ನು ಅವಳು ಆ ಚಿಕ್ಕಮ್ಮನಿಗೆ ಹೇಳುತ್ತಾಳೆ.

ಹೊಲಿಗೆಯ ತಾಯಿಯ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ. ಹಾಸ್ಟೆಲಿನ ಫಾರಂನಲ್ಲಿ ಸಂಪರ್ಕಿಸಬೇಕಾದವರು ಎಂಬ ಕಡೆ ಮೊದಲು ಅಜ್ಜಿಯ ಹೆಸರು, ಎರಡನೆಯದು ಅಮ್ಮನ ಹೆಸರು ಬರೆದಳು. ಎರಡನೆಯದಾಯಿತಲ್ಲ ಎಂದು ತಾಯಿ ನಮ್ಮ ಹತ್ತಿರ ಬೇಜಾರು ಮಾಡಿಕೊಂಡರು. ಹೋದ ತಿಂಗಳು ಫೋನಿನಲ್ಲಿ ಏನೋ ಮಾತಿಗೆ ಮಾತು ಬೆಳೆದು ಹುಡುಗಿ ಮತ್ತೆ "ನೀನು ಆವಾಗ ಇರಲಿಲ್ಲ" ಅಂದಳಂತೆ. ಈ ಸಲ ಫೋನು ಇಡಲಿಲ್ಲ. ತಾಯಿ ಬರುವ ಎರಡನೇ ಭಾನುವಾರ ಹಾಸ್ಟೆಲಿಗೆ ಹೋಗುವವರಿದ್ದಾರೆ.

ಸಭೆಯಲ್ಲಿ ಮಾತಾಡಲು: ಇಬ್ಬರು ಸದಸ್ಯೆಯರು ತಾಯಿ ಮಗಳಾಗಿ ಎದುರು ಬದುರು ಕೂತು, "ಈಗ ಯಾಕೆ ಬಂದೆ?" ಎಂಬ ಪ್ರಶ್ನೆಗೆ "ಆದರೆ" ಎನ್ನದೆ ಉತ್ತರ ಕೊಟ್ಟು ನೋಡಿ. ಸುಲಭವಲ್ಲ, ಎರಡು ಮೂರು ಜೋಡಿ ಪ್ರಯತ್ನಿಸಲಿ. ಅಜ್ಜಿಗೆ ಕೃತಜ್ಞತೆ ಹೇಳಬೇಕಿತ್ತೇ, ನಿಮಗೇನನಿಸುತ್ತದೆ? ಗಂಡು ಮಗ ಮುನಿದಿದ್ದರೆ ಇದೇ ದಾರಿ ಆಗುತ್ತದೆಯೇ? ನಮ್ಮ ಊರಿನಲ್ಲಿ ಇಂಥ ಹುಡುಗಿಗೆ ಚಿಕ್ಕಮ್ಮನಾಗಲು ಯಾರಿಗೆ ಸಾಧ್ಯ? ಯಾರ ಮನೆಯ ಕಥೆಯನ್ನೂ ಹೆಸರಿಟ್ಟು ಹೇಳಬೇಡಿ. ನಡಾವಳಿ ಪುಸ್ತಕದಲ್ಲಿ "ತಿಂಗಳ ಪಾಠ ಓದಿ ಚರ್ಚಿಸಲಾಯಿತು" ಎಂದು ಬರೆದರೆ ಸಾಕು, ಚರ್ಚೆಯ ವಿವರ ಬರೆಯುವುದು ಬೇಡ.